ಬಿಚ್ಚಿಟ್ಟ ಎರಡು ಪೆಡಲ್

ಭಾನುವಾರ ಬೆಳಿಗ್ಗೆ 7-10ಕ್ಕೆ, ರಾಷ್ಟ್ರೀಯ ಉದ್ಯಾನದ ಕೆಳಗಿನ ಗೇಟಿಗೆ ಅಂಟಿಕೊಂಡಿರುವ ಪೊಲೀಸ್ ಠಾಣೆಗೆ ಗಂಡ ಹೆಂಡತಿ ಇಬ್ಬರು ಹೆಲ್ಮೆಟ್ ಹಾಕಿಕೊಂಡು ನಡೆದೇ ಬಂದರು. ಇಬ್ಬರ ಮುಖವೂ ಊದಿಕೊಂಡಿತ್ತು. ಯಾರು ಮೊದಲು ಮಾತಾಡಬೇಕೆಂಬುದರಲ್ಲೂ ಒಮ್ಮತವಿರಲಿಲ್ಲ. ಕೊನೆಗೆ ಹೆಂಡತಿ, ದೊಡ್ಡ ಆಸ್ಪತ್ರೆಯೊಂದರ ಹಿರಿಯ ನರ್ಸ್, ಮೇಜಿನ ಮೇಲೆ ಎರಡೂ ಕೈ ಊರಿದರು.

“ನಮ್ಮ ಸೈಕಲ್ ಕದ್ದಿದ್ದಾರೆ.”

“ಇಬ್ಬರದೂನಾ?” ಎಂದು ಇನ್‌ಸ್ಪೆಕ್ಟರಮ್ಮ ಕೇಳಿದರು.

“ಇರೋದೇ ಒಂದು. ಜೋಡಿ ಸೈಕಲ್. ಇಬ್ಬರು ಕೂತ್ಕೊಳ್ಳೋದು, ನಾನೊಬ್ಬಳು ತುಳಿಯೋದು.”

ಕನ್ನಡಕದ ಅಂಗಡಿ ಇಟ್ಟಿದ್ದ ಗಂಡ ಇದಕ್ಕೆ ತಕರಾರು ತೆಗೆದರು. ಹಿಂದೆ ಕೂತು ಬೆಟ್ಟಗುಡ್ಡ ನೋಡಿಕೊಂಡು ಬರುವವರು ಯಾರು ಎಂದು ದೇವರಿಗೇ ಗೊತ್ತು ಎಂದರು. ಇನ್‌ಸ್ಪೆಕ್ಟರಮ್ಮ ದೂರಿನಲ್ಲಿ ಕಳ್ಳತನದಷ್ಟನ್ನೇ ಬರೆದುಕೊಂಡರು. ಉಳಿದದ್ದು ಠಾಣೆಯ ವ್ಯಾಪ್ತಿಗೆ ಬರುವಂಥದ್ದಲ್ಲ.

ಅವತ್ತು ಸಾಮಾನ್ಯ ಭಾನುವಾರವಲ್ಲ. ಹಿಮ ಬೀಳುವ ಮುಂಚೆ ಬೆಟ್ಟದ ರಸ್ತೆ ತೆರೆದಿರುವ ಕೊನೆಯ ದಿನ. ಆ ಒಂದು ದಿನ ಉದ್ಯಾನದೊಳಗೆ ಎಂಜಿನ್ ಇರುವ ಯಾವ ಗಾಡಿಯನ್ನೂ ಬಿಡುವುದಿಲ್ಲ. ಇಡೀ ರಸ್ತೆ ಸೈಕಲ್ಲಿನವರದು. ಸಂಜೆ ಐದಕ್ಕೆ ಗೇಟಿಗೆ ಬೀಗ ಬಿದ್ದರೆ ಮತ್ತೆ ತೆಗೆಯುವುದು ಹಿಮ ಕರಗಿದ ಮೇಲೆ. ದಂಪತಿ ಇದಕ್ಕಾಗಿ ಹೊರಟದ್ದು ಮೂರನೆಯ ಸಲ. ಮೊದಲ ವರ್ಷ ನರ್ಸಮ್ಮನ ರಜೆ ರದ್ದಾಯಿತು, ಮರುವರ್ಷ ಗುಡ್ಡ ಕುಸಿಯಿತು.

“ಇವತ್ತು ಬೆಟ್ಟದ ನೆತ್ತಿ ಮುಟ್ಟಲೇಬೇಕು ಮೇಡಂ,” ಎಂದರು ನರ್ಸಮ್ಮ. “ಇನ್ನೊಂದು ವರ್ಷಕ್ಕೆ ಇವರ ಮೊಣಕಾಲು ಗ್ಯಾರಂಟಿ ಇಲ್ಲ.”

ಅಪರಿಚಿತ ಕಳ್ಳರ ವಿರುದ್ಧ ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರಮ್ಮ ಟೋಪಿ ಸರಿಮಾಡಿಕೊಂಡು, ಉದ್ದಣ್ಣ ಎಂದೇ ಎಲ್ಲರೂ ಕರೆಯುವ ಆರೂಕಾಲಡಿಯ ಕಾನ್‌ಸ್ಟೆಬಲ್ಲನ್ನು ಜೊತೆಗೆ ಕರೆದುಕೊಂಡು ಹೊರಟರು.

ದಂಪತಿ ಇಳಿದುಕೊಂಡಿದ್ದ ವಸತಿಗೃಹ ಠಾಣೆಯಿಂದ ಕೂಗಳತೆ ದೂರ. ಸೈಕಲ್ ಇಟ್ಟಿದ್ದ ಶೆಡ್ಡಿಗೆ ಬಾಗಿಲಿತ್ತು, ಬೀಗವಿರಲಿಲ್ಲ. ಒಳಗೆ ಕಾಲಿಟ್ಟ ಉದ್ದಣ್ಣ ಹಿಂದಕ್ಕೆ ಹೆಜ್ಜೆ ತೆಗೆದ. ನೆಲ ಲಕಲಕ ಹೊಳೆಯುತ್ತಿತ್ತು.

“ಗುಡಿಸಿಬಿಟ್ಟಿದ್ದಾರೆ ಮೇಡಂ. ಸಾಕ್ಷಿ ನಾಶ. ಪಳಗಿದ ಕೈ.”

ಇನ್‌ಸ್ಪೆಕ್ಟರಮ್ಮನಿಗೆ ಹಾಗನ್ನಿಸಲಿಲ್ಲ. ಸೈಕಲ್ಲಿಗೆ ತಗುಲಿಸಿದ್ದ ದಂಪತಿಯ ನಾಲ್ಕು ಚೀಲಗಳನ್ನು ಬಿಚ್ಚಿ ಗೋಡೆಗೆ ಒರಗಿಸಿ ಸಾಲಾಗಿ ಇಡಲಾಗಿತ್ತು. ಧೂಳು ಬೀಳದಿರಲೆಂದು ಮೇಲೊಂದು ಬಿಳಿ ಹಾಸು ಹೊದಿಸಿ, ಅದರ ಮೂಲೆಗಳನ್ನು ಚೀಲದ ಕೆಳಗೆ ಓರೆಯಾಗಿ ಮಡಚಿ ಸಿಗಿಸಲಾಗಿತ್ತು. ಪಕ್ಕದಲ್ಲಿ ನಾಲ್ಕು ಮಡಿಕೆ ಮಾಡಿದ ಟವೆಲ್ಲಿನ ಮೇಲೆ ಎರಡು ಪೆಡಲ್, ಒರೆಸಿ ಇಟ್ಟವು. ಎಷ್ಟೋ ಕಳ್ಳರು ಮನೆ ಗುಡಿಸಿ ಗುಂಡಾಂತರ ಮಾಡಿ ಹೋದದ್ದನ್ನು ಆಕೆ ನೋಡಿದ್ದರು. ನಿಜವಾಗಿ ಗುಡಿಸಿ ಹೋದ ಕಳ್ಳರು ಇವರೇ ಮೊದಲು.

“ಇದು ಹಿಂದಿನ ಸೀಟಿನ ಪೆಡಲ್,” ಎಂದರು ಕನ್ನಡಕದ ಅಂಗಡಿಯವರು. “ಇದನ್ನ ಬಿಚ್ಚಿಟ್ಟು ಹೋಗೋದು ಯಾವ ಸೀಮೆ ಕಳ್ಳತನ?”

ಸ್ಥಳ ಪಂಚನಾಮೆ ಮುಗಿಸಿ ಇನ್‌ಸ್ಪೆಕ್ಟರಮ್ಮ ದಂಪತಿಯ ಕೋಣೆಗೆ ಹೋಗಿ, ರಾತ್ರಿ ಯಾರೂ ಮಲಗದಿದ್ದ ಎರಡನೆಯ ಮಂಚದ ಕಡೆ ನೋಡಿದರು. ಬಿಳಿ ಹಾಸು, ಓರೆಯಾಗಿ ಮಡಚಿ ಸಿಗಿಸಿದ ಮೂಲೆ. ಕದಿಯುವಾಗಲೂ ಕೈ ತನ್ನ ಕೆಲಸವನ್ನು ಬಿಟ್ಟಿರಲಿಲ್ಲ.

ಕೋಣೆಗಳನ್ನು ಒಪ್ಪಮಾಡುವವರು ಯಾರೆಂದು ವ್ಯವಸ್ಥಾಪಕರನ್ನು ಕೇಳಿದರು. ನಮ್ಮ ಅಡುಗೆಯವನ ಹೆಂಡತಿ ಎಂದು ಉತ್ತರ ಬಂತು. ಚಿನ್ನದಂಥ ಹೆಂಗಸಂತೆ. ಇವತ್ತು ರಜೆಯಂತೆ. ಕೆಲಸಕ್ಕೆ ಸೇರಿದ ಮೇಲೆ ಬಾಯಿಬಿಟ್ಟು ಕೇಳಿದ ಮೊದಲ ರಜೆಯಂತೆ.

ಅಡುಗೆಯವನು ಸೈಕಲ್ ಸವಾರರ ದೊಡ್ಡ ದಂಡಿಗೆ ರೊಟ್ಟಿ ಸುಡುತ್ತಿದ್ದ. ಖಾಕಿ ಕಂಡದ್ದೇ ಒಂದು ರೊಟ್ಟಿ ಕರಕಲಾಯಿತು.

“ನಿಮ್ಮ ಹೆಂಡತಿ ಎಲ್ಲಿ?”

“ಅಮ್ಮನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ದಾಳೆ. ಅಮ್ಮನಿಗೆ ಮಂಡಿನೋವು.”

“ಬಸ್ಸಿಲ್ಲ, ಜೀಪಿಲ್ಲ. ಹಾರ್ಕೊಂಡು ಹೋದ್ರಾ?”

ಅವನು ಕರಕಲಾದ ರೊಟ್ಟಿಯನ್ನೇ ಮತ್ತೊಮ್ಮೆ ಮಗುಚಿ ಹಾಕಿದ. ಸುಳ್ಳು ಹೇಳಲು ಬಾರದ ಗಂಡಸು. ಅವನ ಕಿವಿ ಎರಡೂ ಕೆಂಪಾಗಿದ್ದವು. ಇನ್‌ಸ್ಪೆಕ್ಟರಮ್ಮನಿಗೆ ಅಷ್ಟೇ ಸಾಕಾಗಿತ್ತು: ಮುಂದೆ ತುಳಿಯುವ ಸೊಸೆ, ಹಿಂದೆ ಕಾಲು ಮಡಚಲಾಗದ ಅತ್ತೆ. ತಿರುಗುವ ಪೆಡಲ್ ಆ ಮಂಡಿಗೆ ತಗಲದಿರಲೆಂದು ಬಿಚ್ಚಿಟ್ಟಿದ್ದಾರೆ.

ಗೇಟಿನ ಕಾವಲುಗಾರ ಅದನ್ನು ಖಚಿತಪಡಿಸಿದ. ಗೇಟು ತೆಗೆದ ಕೂಡಲೇ ಜೋಡಿ ಸೈಕಲ್ಲೊಂದು ಮೇಲಕ್ಕೆ ಹೋಯಿತಂತೆ. ಹಿಂದೆ ಕೂತವರು ಕಂಬಳಿ ಹೊದ್ದು, ಮಂತ್ರಿಗಳ ಹಾಗೆ ತನ್ನ ಕಡೆ ಕೈ ಬೀಸಿದರಂತೆ. ತಾನು ಸೆಲ್ಯೂಟ್ ಹೊಡೆದೆ ಎಂಬುದನ್ನು ಅವನು ತಗ್ಗಿದ ದನಿಯಲ್ಲಿ ಹೇಳಿದ.

ಆರೋಪಿಗಳು ಮೇಲೆ ಹೋಗಿದ್ದಾರೆ, ಪೊಲೀಸರು ಕೆಳಗಿದ್ದಾರೆ. ಜೀಪು ಬಿಡಿ ಎಂದು ಇನ್‌ಸ್ಪೆಕ್ಟರಮ್ಮ ಉದ್ಯಾನದ ಅಧಿಕಾರಿಗೆ ಫೋನ್ ಮಾಡಿದರು. ಯಾರದಾದರೂ ಜೀವಕ್ಕೆ ಅಪಾಯವಿದೆಯೇ ಎಂದು ಅವರು ಕೇಳಿದರು. ಇಲ್ಲ ಎಂದಾಗ, ಹಾಗಾದರೆ ಬಾಡಿಗೆ ಸೈಕಲ್ ಕೊಡಿಸುತ್ತೇನೆ ಎಂದರು.

ಹೀಗೆ ಇಪ್ಪತ್ತು ವರ್ಷಗಳ ಮೇಲೆ ಇನ್‌ಸ್ಪೆಕ್ಟರಮ್ಮ ಸೈಕಲ್ ಹತ್ತಿದರು. ಉಳಿದಿದ್ದದ್ದು ಮುಂದೆ ಬುಟ್ಟಿಯಿದ್ದ ತಿಳಿ ನೀಲಿಯದೊಂದೇ. ಬುಟ್ಟಿಯಲ್ಲಿ ಕೇಸಿನ ಕಾಗದ, ಟೋಪಿ, ನೀರಿನ ಬಾಟಲಿ. ಉದ್ದಣ್ಣನಿಗೆ ಸಿಕ್ಕ ಸೈಕಲ್ಲಿನಲ್ಲಿ ಅವನ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುತ್ತಿತ್ತು. ಮಾಲು ಗುರುತಿಸಲು ದೂರುದಾರರೂ ಬೇಕಲ್ಲ ಎಂದು ದಂಪತಿ ಬಾಡಿಗೆಗೆ ಒಂದೊಂದು ಸೈಕಲ್ ಹಿಡಿದು ಹಿಂದೆಯೇ ಹೊರಟರು.

ಮೊದಲ ತಿರುವಿನಲ್ಲಿ ಇನ್‌ಸ್ಪೆಕ್ಟರಮ್ಮ ಅಧಿಕಾರಿಯನ್ನೂ ಆತನ ವಂಶವನ್ನೂ ಮನಸ್ಸಿನಲ್ಲೇ ಬೈದರು. ಎರಡನೆಯದರಲ್ಲಿ ಬೈಯಲು ಉಸಿರಿರಲಿಲ್ಲ. ಮೂರನೆಯದರ ಹೊತ್ತಿಗೆ ಕಾಲಿಗೆ ಹಳೆಯ ರೂಢಿ ಮರಳಿತು. ಹೊಳೆಯೊಂದು ಬಲಗಡೆ ಕೆಳಗೆ ಉಳಿಯಿತು, ಮರಗಳ ನಡುವಿನಿಂದ ಬಿಸಿಲು ರಸ್ತೆಗೆ ಬಂತು. ಮೇಲಿಂದ ಇಳಿದು ಬರುವ ಸವಾರರೆಲ್ಲ ಗಂಟೆ ಬಾರಿಸಿ ಹೋಗುತ್ತಿದ್ದರು. ಖಾಕಿ ನೋಡಿ ಇಷ್ಟು ಜನ ನಕ್ಕದ್ದು ಆಕೆಯ ನೌಕರಿಯಲ್ಲೇ ಇರಲಿಲ್ಲ. ತಾವೂ ಗಂಟೆ ಬಾರಿಸಿದರು. ಖುಷಿಯಾಗುತ್ತಿತ್ತು, ಸುಮ್ಮಸುಮ್ಮನೆ ಖುಷಿ.

ದಂಪತಿಯ ನಡುವಿನ ವ್ಯಾಜ್ಯವೂ ಅಷ್ಟರಲ್ಲಿ ಇತ್ಯರ್ಥವಾಗಿತ್ತು. ನರ್ಸಮ್ಮ ಹಾಡಿಕೊಂಡು ಮುಂದೆ ಹೋಗುತ್ತಿದ್ದರು. ಕನ್ನಡಕದ ಅಂಗಡಿಯವರು ಎರಡು ತಿರುವು ಕೆಳಗೆ ಸೈಕಲ್ ತಳ್ಳಿಕೊಂಡು ಬರುತ್ತಿದ್ದರು. ಉಳಿದವರು ಕಾದು ನಿಂತಾಗ ಅವರು ಬೆವರು ಒರೆಸಿಕೊಂಡು, ಸೋತ ಮನುಷ್ಯನ ನೆಮ್ಮದಿಯಿಂದ, “ಇಷ್ಟು ದಿನ ಇವಳೇ ತುಳೀತಿದ್ದದ್ದು ಮೇಡಂ, ಬರ್ಕೊಳ್ಳಿ,” ಎಂದರು.

ಎದುರು ಬಂದವರನ್ನೆಲ್ಲ ಉದ್ದಣ್ಣ ವಿಚಾರಿಸುತ್ತಿದ್ದ.

“ಜೋಡಿ ಸೈಕಲ್ ನೋಡಿದ್ರಾ?”

“ಹಿಂದೆ ಅಜ್ಜಿ ಕೂತಿರೋದಾ? ಅಂಚಿಗೆ ಹೋಗ್ಬೇಡಿ, ಅಲ್ಲಿ ಜಲ್ಲಿ ಕಮ್ಮಿ ಹಾಕಿದೆ ಅಂತ ನಮಗೆ ಬೈದ್ರು.”

ಇನ್ನೊಬ್ಬರಿಗೆ ಆ ಅಜ್ಜಿ ಮೋರಿಯೊಂದನ್ನು ತೋರಿಸಿ ಅದರ ಕಲ್ಲು ಎಲ್ಲಿಂದ ಬಂತೆಂದು ವಿವರಿಸಿದ್ದರು. ಆರೋಪಿಗಳು ತಲೆಮರೆಸಿಕೊಂಡಿದ್ದಾರೆ ಎಂದು ಬರೆಯುವಂತಿರಲಿಲ್ಲ.

ಮಧ್ಯಾಹ್ನ 1-40ಕ್ಕೆ, ಮರಗಳು ಮುಗಿದು ಬರೀ ಬಂಡೆ ಹುಲ್ಲು ಉಳಿಯುವಲ್ಲಿ, ದೊಡ್ಡ ತಿರುವಿನ ತಡೆಗೋಡೆಗೆ ಜೋಡಿ ಸೈಕಲ್ ಒರಗಿ ನಿಂತಿತ್ತು. ಹಿಂದಿನ ಸೀಟಿನಲ್ಲಿ ಮುದುಕಿಯೊಬ್ಬಳು ಕಂಬಳಿ ಹೊದ್ದು ನೆಟ್ಟಗೆ ಕೂತಿದ್ದಳು. ಕಾಲಿಡಲು ಮುಂದಿನ ಸೀಟಿನ ಕೆಳಗೆ ಹಲಗೆ ಕಟ್ಟಿ ಅದಕ್ಕೆ ದಿಂಬು ಸುತ್ತಲಾಗಿತ್ತು. ಕೆಳಗೆ ನೆಲದ ಮೇಲೆ ಸೊಸೆ ಮೀನಖಂಡ ಹಿಡಿದುಕೊಂಡು ಹಲ್ಲು ಕಚ್ಚಿ ಕೂತಿದ್ದಳು. ಸ್ನಾಯು ಹಿಡಿದುಕೊಂಡಿತ್ತು. ನೆತ್ತಿಗೆ ಇನ್ನು ಎರಡೇ ತಿರುವು.

“ಇಳೀರಿ ಅಜ್ಜಿ,” ಎಂದ ಉದ್ದಣ್ಣ.

“ಇಳಿದ್ರೆ ಮತ್ತೆ ಹತ್ತೋಕಾಗಲ್ಲ. ಇಲ್ಲೇ ಕೂತಿರ್ತೀನಿ, ನೀವು ಏನ್ ಕೇಳ್ಬೇಕೋ ಕೇಳಿ.”

ಕೇಳುವುದನ್ನು ಇನ್‌ಸ್ಪೆಕ್ಟರಮ್ಮ ಸೊಸೆಯನ್ನು ಕೇಳಿದರು.

“ಯಾರು ತಗೊಂಡಿದ್ದು?”

“ನಾನೇ. ಸಂಜೆ ವಾಪಸ್ ಇಡ್ತಿದ್ದೆ.”

“ಅವರನ್ನ ಒಂದು ಮಾತು ಕೇಳ್ಬಹುದಿತ್ತಲ್ಲ?”

“ಕೇಳಿದ್ರೆ ಇಲ್ಲ ಅಂತಿದ್ರು. ಇಲ್ಲ ಅಂದ್ಮೇಲೂ ತಗೊಂಡ್ರೆ ತಪ್ಪು ಇನ್ನೂ ದೊಡ್ಡದಾಗೋದು ಮೇಡಂ.”

ಈ ಕಾನೂನನ್ನು ಇನ್‌ಸ್ಪೆಕ್ಟರಮ್ಮ ಎಲ್ಲೂ ಓದಿರಲಿಲ್ಲ. ಉಳಿದ ವಿಷಯ ಒಂದೊಂದಾಗಿ ಹೊರಬಂತು. ಈ ರಸ್ತೆ ಮಾಡುವಾಗ ಅತ್ತೆ ಹೊಸ ಮದುವಣಗಿತ್ತಿ. ಕಲ್ಲು ಹೊತ್ತು, ಜಲ್ಲಿ ಹರಡಿ, ಕೆಳಗಿನ ಗೇಟಿನಿಂದ ಇಲ್ಲಿಯವರೆಗೆ ಬಂದವಳು. ಇದೇ ತಿರುವಿನಲ್ಲಿ ಅವರ ತಂಡದ ಗುತ್ತಿಗೆ ಮುಗಿಯಿತು. ಆಚೆಯಿಂದ ಬಂದ ಇನ್ನೊಂದು ತಂಡ ಉಳಿದ ಎರಡು ತಿರುವು ಮಾಡಿ ಎರಡನ್ನೂ ಕೂಡಿಸಿತು. ತನ್ನ ರಸ್ತೆ ಎಲ್ಲಿಗೆ ಹೋಗಿ ಸೇರಿತೆಂದು ಆಕೆ ನೋಡಲೇ ಇಲ್ಲ. ಮಕ್ಕಳಾದವು, ಕೆಲಸವಾಯಿತು, ಆಮೇಲೆ ಮಂಡಿ ಹಿಡಿಯಿತು. ಗಾಡಿ ಹತ್ತಿಸೋಣವೆಂದರೆ ಎಂಜಿನ್ ಹೊಗೆ ಮೂಗಿಗೆ ಬಡಿದರೆ ಸಾಕು, ಒಂದು ತಿರುವಿಗೇ ಹೊಟ್ಟೆಯೊಳಗಿನದೆಲ್ಲ ಹೊರಗೆ.

ನರ್ಸಮ್ಮ ಆಗಲೇ ನೆಲಕ್ಕೆ ಕೂತು ಸೊಸೆಯ ಕಾಲು ನೀವುತ್ತಿದ್ದರು. “ನನ್ನ ದೂರು ವಾಪಸ್ ತಗೋತೀನಿ ಮೇಡಂ,” ಎಂದರು.

ದಾಖಲಾದ ಎಫ್‌ಐಆರ್ ಹಾಗೆಲ್ಲ ವಾಪಸ್ ಬರುವುದಿಲ್ಲ, ರಾಜಿಯಾಗಬೇಕಾದರೆ ನ್ಯಾಯಾಲಯದಲ್ಲೇ ಆಗಬೇಕು ಎಂದು ಇನ್‌ಸ್ಪೆಕ್ಟರಮ್ಮ ತಿಳಿಸಿದರು. ಸೊಸೆಯನ್ನು ಬಂಧಿಸಿರುವುದಾಗಿ ಹೇಳಿ, ಕಾರಣ ವಿವರಿಸಿ, ಕಾಗದದಲ್ಲಿ ಸಮಯ ಬರೆದರು. ನನ್ನನ್ನೂ ಹಿಡೀರಿ, ಮೊದಲು ಆಸೆಪಟ್ಟವಳು ನಾನು ಎಂದು ಅತ್ತೆ ಹಟ ಹಿಡಿದಳು. ಆಸೆಪಡುವುದಕ್ಕೆ ಕಲಂ ಇಲ್ಲ ಎಂದು ಇನ್‌ಸ್ಪೆಕ್ಟರಮ್ಮ ಆಕೆಯನ್ನು ಸುಮ್ಮನಾಗಿಸಿದರು.

ಇನ್ನು ಮಾಲು ವಶಪಡಿಸಿಕೊಂಡ ಪಂಚನಾಮೆಯೊಂದು ಬಾಕಿ. ಅದಕ್ಕೆ ಸಾಕ್ಷಿಯಾಗಿ ಸಹಿ ಹಾಕಲು ಹೊರಗಿನ ಇಬ್ಬರು ಪಂಚರು ಬೇಕು. ಅದನ್ನು ಮುಗಿಸಿದರೆ ಎಲ್ಲರೂ ಕೆಳಗಿಳಿಯಬೇಕು. ಗೇಟಿಗೆ ಬೀಗ ಬೀಳುವುದು ಐದಕ್ಕೆ. ಬರುವ ವರ್ಷ ಅತ್ತೆ ಹೇಗಿರುತ್ತಾಳೋ ಯಾರು ಕಂಡವರು? ಸೊಸೆ ಏನನ್ನೂ ಬೇಡಲಿಲ್ಲ. ಮುದುಕಿ ಮಾತ್ರ ಮೇಲಿನ ತಿರುವನ್ನೇ ನೋಡುತ್ತಿದ್ದಳು. ಇನ್‌ಸ್ಪೆಕ್ಟರಮ್ಮ ಪೆನ್ನಿಗೆ ಮುಚ್ಚಳ ಹಾಕಿದರು.

“ಮೇಡಂ, ಅಲ್ಲಿ ಇಬ್ಬರು ಸವಾರರು ಬರ್ತಿದ್ದಾರೆ,” ಎಂದ ಉದ್ದಣ್ಣ. “ಪಂಚರಾಗಿ ಹಾಕ್ಕೋಬಹುದು.”

“ಬೇಡ. ಬೆವರಿದ್ದಾರೆ, ಕಾಗದ ಒದ್ದೆಯಾಗುತ್ತೆ.”

“ಮತ್ತೆ?”

“ನೆತ್ತಿ ಮೇಲೆ ಚಹಾ ಅಂಗಡಿ ಇದೆಯಲ್ಲ. ಅಲ್ಲಿ ಮೇಜಿದೆ, ಕುರ್ಚಿಯಿದೆ. ಪಂಚನಾಮೆ ಅಲ್ಲೇ ಆಗ್ಬೇಕು.”

ಇನ್‌ಸ್ಪೆಕ್ಟರಮ್ಮ ಜೋಡಿ ಸೈಕಲ್ಲಿನ ಮುಂದಿನ ಸೀಟು ಹತ್ತಿದರು. ಉದ್ದಣ್ಣ ಹಿಂದಿನಿಂದ ಒಂದು ತಳ್ಳು ತಳ್ಳಿದ. ಸೊಸೆ ನರ್ಸಮ್ಮನ ಹೆಗಲು ಹಿಡಿದು ಕುಂಟುತ್ತ ಹಿಂದೆ ಬಂದಳು. ಅವಳ ಕಾವಲಿಗೆ ಇದ್ದ ಉದ್ದಣ್ಣ ಮೂರು ಸೈಕಲ್ ತಳ್ಳಬೇಕಾಯಿತು. ಕನ್ನಡಕದ ಅಂಗಡಿಯವರಿಗೆ ತಮ್ಮದೇ ಹೆಚ್ಚಾಗಿತ್ತು.

ನೆತ್ತಿಯಲ್ಲಿ ಗಾಳಿ ಜೋರಿತ್ತು. ರಸ್ತೆ ಚಹಾ ಅಂಗಡಿಯನ್ನು ದಾಟಿ, ಆಚೆ ಬದಿಗೆ ಇಳಿದು, ಬಿಸಿಲಲ್ಲಿ ಹೊಳೆಯುತ್ತ ಇನ್ನೊಂದು ಬೆಟ್ಟವನ್ನು ಹತ್ತಿ, ಅದರಾಚೆಗೂ ಹೋಗಿತ್ತು. ಬೆಟ್ಟದ ಹಿಂದೆ ಬೆಟ್ಟ, ನೋಡಿದಷ್ಟೂ ಬೆಟ್ಟ. ಮುದುಕಿ ಬಹಳ ಹೊತ್ತು ನೋಡಿದಳು.

“ಕೆರೆ ಎಲ್ಲೇ?” ಎಂದು ಹಿಂದಿನಿಂದ ಬಂದ ಸೊಸೆಯನ್ನು ಕೇಳಿದಳು.

“ಕೆರೆ ಇಲ್ಲ ಅತ್ತೆ. ನಾನೇ ಹಾಕಿದ್ದೆ.”

ಸೊಸೆಯ ಹೇಳಿಕೆಯಲ್ಲಿ ಅದೂ ದಾಖಲಾಯಿತು. ಮೇಲಿಂದ ಬಂದ ಅತಿಥಿಗಳು ಏನೆಂದರು ಎಂದು ಅತ್ತೆ ದಿನಾ ಸಂಜೆ ಕೇಳುತ್ತಿದ್ದಳು. ಅತಿಥಿಗಳು ಚೆನ್ನಾಗಿದೆ ಎಂದಷ್ಟೇ ಹೇಳಿ ಮಲಗಿಬಿಡುತ್ತಿದ್ದರು. ಬರಿಗೈಲಿ ಹೇಗೆ ಮನೆಗೆ ಹೋಗುವುದೆಂದು ಸೊಸೆ ಮೊದಲು ಒಂದು ಕೆರೆ ಸೇರಿಸಿದಳು, ಮರುವರ್ಷ ಅದಕ್ಕೆ ಬಾತುಕೋಳಿ ಬಿಟ್ಟಳು. ಅತ್ತೆ ಕಣ್ಣರಳಿಸಿ ಕೇಳಿದಷ್ಟೂ ಅವಳಿಗೆ ಒಳಗೊಳಗೇ ಸಂಕಟವಾಗುತ್ತಿತ್ತು. ಒಂದು ಸಲವಾದರೂ ನಿಜವನ್ನು ತೋರಿಸಬೇಕೆಂದು ಈ ಕೆಲಸಕ್ಕೆ ಕೈಹಾಕಿದ್ದಳು.

ಮುದುಕಿ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು, ಸೈಕಲ್ ಅಲುಗಾಡುವಷ್ಟು ನಕ್ಕಳು. “ಕಳ್ಳಿ, ಬಾತುಕೋಳಿ ಬೇರೆ,” ಎಂದು ಸೊಸೆಯ ಕೆನ್ನೆ ಹಿಂಡಿದಳು. ಚಹಾ ಅಂಗಡಿಯ ಗಂಡ ಹೆಂಡತಿ ಪಂಚರಾಗಿ ಸಹಿ ಹಾಕಿದರು. ಠಾಣೆಯಲ್ಲಿ ಸೊಸೆಗೆ ಜಾಮೀನು ನಿಲ್ಲುವುದಾಗಿ ನರ್ಸಮ್ಮ ಮೊದಲೇ ಹೇಳಿಬಿಟ್ಟರು. ಅವರ ಗಂಡ ನೆತ್ತಿಯ ಕಲ್ಲನ್ನು ಮುಟ್ಟಿ, ಮೂರು ವರ್ಷದ ಹರಕೆ ತೀರಿದವರಂತೆ ಅಲ್ಲೇ ಅಂಗಾತ ಮಲಗಿದರು. ಸೊಸೆಯ ಕಾಲು ಇಳಿಜಾರಿಗೆ ಸಾಕಾಗುವಷ್ಟು ಸಡಿಲವಾಗಿತ್ತು. ಬುಟ್ಟಿಯ ಸೈಕಲ್ ಅವಳಿಗೆ ಬಂತು.

ಮೂರು ಗಂಟೆಗೆ, ವಶಪಡಿಸಿಕೊಂಡ ಮಾಲಿನ ಮೇಲೆ ಇನ್‌ಸ್ಪೆಕ್ಟರಮ್ಮ ಮುಂದೆ, ಸಾಕ್ಷಿಯಾದ ಮುದುಕಿ ಹಿಂದೆ ಕೂತು ಕೆಳಗೆ ಹೊರಟರು. ರಸ್ತೆ ಕಡಿದಾಗಿತ್ತು. ಇನ್‌ಸ್ಪೆಕ್ಟರಮ್ಮ ಎರಡೂ ಬ್ರೇಕನ್ನು ಅವುಚಿ ಹಿಡಿದಿದ್ದರು.

“ಹಾಗೇ ಹಿಡ್ಕೊ,” ಎಂದಳು ಮುದುಕಿ. “ಇದು ಆ ಕಡೆಯವರ ಕೆಲಸ. ನಂಗೆ ನಂಬಿಕೆ ಇಲ್ಲ.”

ಒಂದು ತಿರುವು ಹೋಯಿತು, ಎರಡಾಯಿತು. ದೊಡ್ಡ ತಿರುವಿನ ತಡೆಗೋಡೆ ಎಡಗಡೆ ಬಂತು. ಮುದುಕಿ ಹಿಂದಿನಿಂದ ಇನ್‌ಸ್ಪೆಕ್ಟರಮ್ಮನ ಬೆನ್ನು ತಟ್ಟಿದಳು.

“ಈಗ ಬಿಡಮ್ಮ ಬ್ರೇಕ್. ಇಲ್ಲಿಂದ ನಂದು.”

ಇನ್‌ಸ್ಪೆಕ್ಟರಮ್ಮ ಬ್ರೇಕ್ ಬಿಟ್ಟರು.