ಹೋರಿಯ ಕೊರಳ ಟ್ರ್ಯಾಕರ್

ಒಂದೇ ನೆಗೆತಕ್ಕೆ ಕಡಲು ದಾಟಿದ ಅಂಜನಾಸುತನೇ, ನಿನ್ನ ತೊಡೆಯ ಸ್ನಾಯುಗಳಿಗೆ ನಮೋ ನಮಃ! ಅವುಗಳ ಬಲದಲ್ಲಿ ಒಂದೆಳೆಯನ್ನು ನನಗೂ ಕರುಣಿಸು.

ಏಕೆಂದರೆ... ಹೋರಿ ನನ್ನ ಬೆನ್ನ ಹಿಂದೆಯೇ ಇತ್ತು!

ಅಜ್ಜಂಪುರದ ಬಯಲು. ಮುಂದೆ ನಾನು, ತರೀಕೆರೆಯ ಪತ್ತೇದಾರ ತಮ್ಮಯ್ಯ. ಹಿಂದೆ ಈಟಿಯಂತಹ ಎರಡು ಕೊಂಬು. ನನ್ನ ಮುಷ್ಟಿಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಯಂತ್ರ.

ಈ ದುರ್ಗತಿ ಏಕೆ ಬಂತೆಂದು ಕೇಳಿ ಸ್ವಾಮಿ.

ಕಡೂರಿನ ಖೋ-ಖೋ ಕೋಚ್ ಕಾಂತರಾಜು ಫೋನ್ ಮಾಡಿದ್ದರು. ಅವರ ಓಟಗಾರ್ತಿಯರು ಬೆನ್ನಿನ ಜೇಬಿನಲ್ಲಿ ಜಿಪಿಎಸ್ ಟ್ರ್ಯಾಕರ್ ಇರುವ ಜಾಕೆಟ್ ತೊಡುತ್ತಾರೆ. ಯಾರು ಎಷ್ಟು ಓಡಿದರು, ಎಷ್ಟು ವೇಗ... ಎಲ್ಲವೂ ಕೋಚ್ ಮೊಬೈಲಿಗೆ ಬರುತ್ತದೆ. ಓಟ ಮಿತಿಮೀರಿದವಳಿಗೆ ವಿಶ್ರಾಂತಿ. ಇಲ್ಲವಾದರೆ ತೊಡೆಯ ಹಿಂದಿನ ಸ್ನಾಯು, ಆ ಹ್ಯಾಮ್‌ಸ್ಟ್ರಿಂಗ್, ಹರಿದೀತು!

“ತಮ್ಮಯ್ಯನೋರೇ, ಸ್ಪಂದನಾನ ಸುಮ್ನೆ ಜಾಗಿಂಗ್ ಮಾಡ್ಕೊಂಡಿರು ಅಂತ ಊರಿಗೆ ಕಳ್ಸಿದ್ದೆ. ಹುಚ್ಚಿಯಂಗೆ ಓಡ್ತಾವ್ಳೆ! ಸ್ಕ್ರೀನೆಲ್ಲ ಕೆಂಪು!”

“ಅವಳನ್ನೇ ಕೇಳಿದಿರಾ?”

“‘ಇಲ್ಲ ಸಾರ್’ ಅಂತಾಳೆ. ಯಾರೋ ಕದ್ದು ಪ್ರಾಕ್ಟೀಸ್ ಮಾಡಿಸ್ತಾವ್ರೆ ಕಣ್ರೀ! ನಿಜ ಗೊತ್ತಾಗ್ದಿದ್ರೆ ನಾಳೆ ಫೈನಲ್‌ಗೆ ಅವಳನ್ನ ಇಳ್ಸಲ್ಲ.”

ಅಜ್ಜಂಪುರದ ಅವಳ ಮನೆಗೆ ನುಗ್ಗಿದೆ. ಸ್ಪಂದನಾ ಅಳುತ್ತಲೇ ಜಾಕೆಟ್ ಕೊಟ್ಟಳು. ಬೆನ್ನಿನ ಜೇಬಿಗೆ ಕೈಹಾಕಿದೆ.

ಟ್ರ್ಯಾಕರ್ ಇರಲಿಲ್ಲ.

ಅರಿಶಿನದ ಕೊಂಬಿತ್ತು!

“ಇದು ಯಾರ ಕೆಲಸ?” ಗುಡುಗಿದೆ.

“ನಂದೇ ಕಣಪ್ಪಾ,” ಎಂದರು ಅವಳ ಅಜ್ಜಿ ಜವರಮ್ಮ, ರಾಗಿ ಕೇರುತ್ತಲೇ. “ಆ ಡಬ್ಬಿ ಕಾಲಿಗೆ ಏಟಾಗ್ದಂಗೆ ಕಾಯ್ತದೆ ಅಂತ ಇವ್ಳೇ ಅಂದಿದ್ಲು. ಹೋರಿ ಕುಂಟ್ತಿತ್ತು. ತಾಯಿತ ಮಾಡಿ ಕೊರಳಿಗೆ ಕಟ್ದೆ. ಈಗ ನೋಡು, ಹೆಂಗ್ ಓಡ್ತದೆ!”

“ಮೊಮ್ಮಗಳಿಗೆ?”

“ಅರಿಸ್ನ ಇಟ್ಟಿಲ್ವೇ? ಅದೇನ್ ಕಮ್ಮೀನಾ?”

“ಅಯ್ಯೋ ಅಜ್ಜೀ!” ಎಂದು ಸ್ಪಂದನಾ ಹಣೆ ಚಚ್ಚಿಕೊಂಡಳು.

ಹೋರಿ ಬಯಲಿನಲ್ಲಿ ಮೇಯುತ್ತಿತ್ತು.

“ಬಿಚ್ಕೊ ಹೋಗಪ್ಪಾ. ಅದು ಏನೂ ಮಾಡಾಕಿಲ್ಲ,” ಎಂದರು ಜವರಮ್ಮ.

ಬಿಚ್ಚಿಕೊಂಡೆ.

ಮಾಡಿತು!

ಓಡಿದೆ... ಕಳ್ಳಿಬೇಲಿ ಕಂಡಿತು... ಹಾರಿದೆ! ತೊಡೆಯ ಹಿಂದೆ ಏನೋ ಫಟ್ ಎಂದಿತು. ಕುಸಿದುಬಿದ್ದೆ. ಬೇಲಿಯಾಚೆ ಹೋರಿ ನಿಂತು, ತನ್ನ ತಾಯಿತ ಕಿತ್ತ ಕಳ್ಳನನ್ನು ದಿಟ್ಟಿಸಿತು.

ಫೋನ್ ಕಿರುಚಿತು.

“ತಮ್ಮಯ್ಯನೋರೇ! ಓಡ್ತಿದ್ದೋಳು ಗಕ್ಕಂತ ನಿಂತ್ಬಿಟ್ಳು! ಹ್ಯಾಮ್‌ಸ್ಟ್ರಿಂಗ್ ಹೋಯ್ತು!”

“ಹೋಯಿತು,” ಎಂದೆ. “ನನ್ನದು. ಅವಳನ್ನು ಫೈನಲ್‌ಗೆ ಇಳಿಸಿ.”

ಮರುದಿನ ಕಡೂರಿನಲ್ಲಿ ಟ್ರ್ಯಾಕರ್ ಸ್ಪಂದನಾಳ ಬೆನ್ನಿಗೇ ಇತ್ತು. ಓಟ ಮಿತಿಮೀರುವ ಮುನ್ನವೇ ಕಾಂತರಾಜು ಅವಳನ್ನು ಕೂರಿಸಿದರು. ಕೊನೆಯ ಸರದಿಗೆ ಎಬ್ಬಿಸಿದರು. ಅವಳನ್ನು ಯಾರಿಗೂ ಮುಟ್ಟಲಾಗಲಿಲ್ಲ. ತಂಡ ಗೆದ್ದಿತು! ನಾನು ತೊಡೆಗೆ ಐಸ್ ಒತ್ತಿಕೊಂಡು ಚಪ್ಪಾಳೆ ತಟ್ಟಿದೆ. ಜವರಮ್ಮ ನನ್ನ ಕಾಲಿಗೆ ಅರಿಶಿನದ ಕೊಂಬು ಕಟ್ಟಿದರು.

ಈ ಕತೆಯನ್ನು ಕೇಳಿದವರೆಲ್ಲರ ಕಾಲುಗಳೂ ವಜ್ರವಾಗಲಿ. ಓಡುವ ಪ್ರಸಂಗ ಬಂದರೆ, ಮೊದಲು ಸ್ನಾಯು ಸಡಿಲಿಸಿಕೊಳ್ಳುವಷ್ಟು ವ್ಯವಧಾನವನ್ನು ಹೋರಿಯೇ ನಿಮಗೆ ದಯಪಾಲಿಸಲಿ!