ಒಂಬತ್ತನೇ ನಂಬರಿನ ಹೆಬ್ಬೆಟ್ಟು

ಮೂರನೇ ಸಲ ನನ್ನ ತಲೆಯನ್ನು ನೀರಿನಿಂದ ಎತ್ತಿದಾಗ ಮೂಗಿನೊಳಗೆ ಕಾಫಿ ಹಣ್ಣಿನ ಸಿಪ್ಪೆ ಸಿಕ್ಕಿಕೊಂಡಿತ್ತು.

"ಪೇಪರ್ ಎಲ್ಲೈತೆ?"

"ಯಾವ ಪೇಪರ್?"

ತಲೆ ಮತ್ತೆ ಒಳಗೆ!

ಪಲ್ಪರ್ ಮನೆಯ ತೊಟ್ಟಿ ನೋಡಿದ್ದೀರಾ? ಸಿಪ್ಪೆ ಸುಲಿದ ಕಾಫಿ ಬೀಜವನ್ನು ಹುಳಿಯಲು ಬಿಡುವ ಜಾಗ. ಬರೀ ಲೋಳೆ, ಬರೀ ನಾತ. ಕುಡಿಯಲು ಯೋಗ್ಯವಲ್ಲ. ನಾನು ಅಷ್ಟರಲ್ಲಿ ಒಂದು ಲೀಟರ್ ಕುಡಿದಿದ್ದೆ.

ಕೈಗಳನ್ನು ಬೆನ್ನ ಹಿಂದೆ ನೈಲಾನ್ ಹಗ್ಗದಲ್ಲಿ ಬಿಗಿದಿದ್ದರು. ನನ್ನ ಕೂದಲು ಹಿಡಿದಿದ್ದವನು ಎಸ್ಟೇಟಿನ ಮೇಸ್ತ್ರಿ ಜವರಯ್ಯ. ಎಮ್ಮೆಯಂಥ ಆಳು. ತೊಟ್ಟಿಯ ಕಟ್ಟೆಯ ಮೇಲೆ ಕೂತು ಸಿಗರೇಟು ಸೇದುತ್ತಿದ್ದವನು ಎಸ್ಟೇಟಿನ ಯಜಮಾನ ಪ್ರಜ್ವಲ್. ವಯಸ್ಸು ಇಪ್ಪತ್ತೆಂಟು.

ನಾನು? ಮಹೇಶ್. ಊರು ಆಲೂರು. ಕೆಲಸ... ಫುಟ್‌ಬಾಲ್ ರೆಫರಿ.

ನಗಬೇಡಿ! ಹದಿನಾಲ್ಕು ವರ್ಷದಿಂದ ಅದರದ್ದೇ ಅನ್ನ. ಗೋವಾ, ಕೋಝಿಕ್ಕೋಡ್, ಕಲ್ಕತ್ತ... ಬಾಟಲಿ, ಕಲ್ಲು, ಚಪ್ಪಲಿ ಎಲ್ಲ ತಿಂದಿದ್ದೇನೆ. ಒಮ್ಮೆ ನನ್ನ ದವಡೆ ಮುರಿದವನೇ ಮರುದಿನ ಆಸ್ಪತ್ರೆಗೆ ಬಂದು ಸೆಲ್ಫಿ ಕೇಳಿದ್ದ. ಕೊಟ್ಟೆ. ಈ ವರ್ಷ ಇಂಟರ್‌ನ್ಯಾಷನಲ್ ಬ್ಯಾಡ್ಜಿಗೆ ನನ್ನ ಹೆಸರು ಹೋಗಿತ್ತು. ಆ ಬ್ಯಾಡ್ಜಿನ ಆಸೆಯಲ್ಲಿ ನಾನು ಮದುವೆಯನ್ನೇ ಎರಡು ಸಲ ಮುಂದೂಡಿದವನು. ಹುಡುಗಿ ಮೂರನೇ ಸಲಕ್ಕೆ ಕಾಯಲಿಲ್ಲ.

ಆಗಿದ್ದು ಇಷ್ಟು.

ಹನ್ನೊಂದು ದಿನದ ಹಿಂದೆ, ಭಾನುವಾರ, ಹೊಂಗಡಹಳ್ಳದ ಹತ್ತಿರ ಇದೇ ಎಸ್ಟೇಟಿನ ಮೈದಾನದಲ್ಲಿ ಕಪ್ ಫೈನಲ್. ನಮ್ಮ ಸೀಮೆಯವನು ಅಂತ ಕರೆದರು, ಹೋದೆ. ಮೊದಲರ್ಧ ಒಂಬತ್ತನೇ ನಂಬರ್ ಜೆರ್ಸಿಯಲ್ಲಿ ಆಡಿದ್ದು ಪ್ರಜ್ವಲ್. ಎರಡನೇ ಅರ್ಧಕ್ಕೆ ಅದೇ ಜೆರ್ಸಿಯೊಳಗೆ ಬೇರೆ ಮನುಷ್ಯ! ಧರ್ಮ ಅಂತ, ಎಸ್ಟೇಟ್ ಲೈನಿನ, ಅಂದರೆ ಕೂಲಿಮನೆಗಳ ಸಾಲಿನ, ಆಳು. ನಾನು ನೋಡಿದೆ. ಸುತ್ತ ಕೂತ ಮುನ್ನೂರು ಜನರೂ ನೋಡಿದರು. ಧಣಿಗೆ ಸುಸ್ತಾಗಿರಬೇಕು, ಹಾಳಾಗಿ ಹೋಗಲಿ ಅಂತ ಸೀಟಿ ಊದಿದೆ. ಲೀಗ್ ಪಂದ್ಯವಾಗಿದ್ದರೆ ಆಟ ನಿಲ್ಲಿಸುತ್ತಿದ್ದೆ. ಇಲ್ಲಿ ಅವರ ಮನೆಯ ಕೋಳಿಸಾರು ಉಂಡು ಬಂದಿದ್ದೆ.

ಅರವತ್ತೆಂಟನೇ ನಿಮಿಷದಲ್ಲಿ, ಎದುರಾಳಿಯನ್ನು ಬೀಳಿಸಿದ ಅಂತ ಒಂಬತ್ತನೇ ನಂಬರಿಗೆ ಯೆಲ್ಲೋ ಕಾರ್ಡ್ ಕೊಟ್ಟೆ.

ಆ ಕಪ್ಪಿನಲ್ಲೊಂದು ಪದ್ಧತಿ. ಕಾರ್ಡ್ ತಿಂದವನು ಆಟ ಮುಗಿದ ಕೂಡಲೇ ಬಂದು ರೆಫರಿಯ ರಿಪೋರ್ಟಿನಲ್ಲಿ ರುಜು ಹಾಕಬೇಕು. ಆಮೇಲೆ ತಕರಾರು ಬರಬಾರದು ನೋಡಿ. ಟೇಬಲ್ಲಿನ ಮೇಲೆ ಕೂಲಿ ಬಟವಾಡೆಯ ಇಂಕ್ ಪ್ಯಾಡ್ ಇತ್ತು. ಧರ್ಮ ಬಂದ. ವಾರವಾರ ಬಟವಾಡೆಗೆ ಒತ್ತುವ ಅಭ್ಯಾಸ. ಯೋಚನೆಯನ್ನೇ ಮಾಡದೆ ಹೆಬ್ಬೆಟ್ಟು ಒತ್ತಿ ಹೋದ. ಪಕ್ಕದಲ್ಲಿದ್ದ ಹೆಸರು ಪ್ರಜ್ವಲ್. ಬಿ.ಕಾಂ. ಓದಿದವನು ಹೆಬ್ಬೆಟ್ಟು ಒತ್ತುತ್ತಾನೆಯೇ? ನಾನು ಫೈಲ್ ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಕಪ್ ಎತ್ತಲು ಪ್ರಜ್ವಲ್ ಬಂದ. ಸ್ನಾನ ಮಾಡಿದ್ದ.

ಆ ಸ್ನಾನದ ಕಾರಣ ಆಮೇಲೆ ತಿಳಿಯಿತು. ಎರಡನೇ ಅರ್ಧ ನಡೆಯುತ್ತಿದ್ದಾಗ, ಎರಡು ಮೈಲಿ ದೂರದ ಸ್ಟೋರಿನಲ್ಲಿ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಯೋಗೇಶನನ್ನು ಕೊಚ್ಚಿ ಹಾಕಿದ್ದರು! ಯೋಗೇಶನೂ ಪ್ರಜ್ವಲ್‌ನ ತಂಗಿ ಚೈತ್ರಶ್ರೀಯೂ ರಿಜಿಸ್ಟರ್ ಮದುವೆಗೆ ಅರ್ಜಿ ಕೊಟ್ಟಿದ್ದರು. ಹೆಣದ ಪಕ್ಕ ಬಿದ್ದಿದ್ದು ಮಾತ್ರ ಧರ್ಮನ ಮಚ್ಚು.

ಧರ್ಮ ಒಳಗೆ ಹೋದ. ಆ ಹೊತ್ತಿನಲ್ಲಿ ಆಡುತ್ತಿದ್ದೆ ಅಂತ ಬಾಯಿ ಬಡಿದುಕೊಂಡ. ಆಟಗಾರರ ಪಟ್ಟಿಯಲ್ಲಿ ಧರ್ಮ ಎಲ್ಲಿದ್ದಾನೆ? ಒಂಬತ್ತನೇ ನಂಬರ್ ಪ್ರಜ್ವಲ್, ಪೂರ್ತಿ ತೊಂಬತ್ತು ನಿಮಿಷ! ಪೊಲೀಸರು ಜನರನ್ನು ಕೇಳಿದರು. ಒಬ್ಬರಿಗೂ ನೆನಪಿಲ್ಲ. ಅವರಲ್ಲಿ ಮುಕ್ಕಾಲು ಪಾಲು ಪ್ರಜ್ವಲ್‌ನ ಲೈನಿನಲ್ಲಿ ಮಲಗುವವರು.

ನನಗಿದು ಯಾವುದೂ ಗೊತ್ತಿರಲಿಲ್ಲ. ರಿಪೋರ್ಟ್ ಕಳಿಸದೆ ಫೈಲಿನಲ್ಲೇ ಬಿಟ್ಟು, ಲೀಗ್ ಪಂದ್ಯಕ್ಕೆ ಗೋವಾಕ್ಕೆ ಹೋಗಿದ್ದೆ. ವಾಪಸ್ ಬಂದ ಬೆಳಿಗ್ಗೆ ನನ್ನ ಬಾಗಿಲಲ್ಲಿ ಒಬ್ಬ ಮುದುಕಿ ಕೂತಿದ್ದಳು. ಧರ್ಮನ ತಾಯಿ ಈರಮ್ಮ. ನಡೆದದ್ದೆಲ್ಲ ಹೇಳಿದಳು.

"ಸಾ... ನನ್ ಮಗ ಆಡಿದ್ದ ನೀವು ನೋಡಿದ್ರಿ ತಾನೆ?"

"ನೋಡಿದೆ ಅಮ್ಮ."

"ಅಷ್ಟು ಹೇಳ್ಬುಡಿ ಸಾ. ಊರ್ ಜನಕ್ಕೆಲ್ಲ ಕಣ್ಣು ಹೋಗ್ಬುಟ್ಟೈತೆ. ನಿಮಗಾದ್ರೂ ಐತಲ್ಲ?"

ಫೈಲ್ ತೆಗೆದೆ. ನೀಲಿ ಹೆಬ್ಬೆಟ್ಟು. ಹೇಳಿದರೆ ಧರ್ಮ ಜೈಲಿನಿಂದ ಹೊರಗೆ. ಹೇಳಿದರೆ, ಗೊತ್ತಿದ್ದೂ ಕಳ್ಳ ಆಟಗಾರನನ್ನು ಆಡಿಸಿದ ರೆಫರಿ ಅಂತ ನಾನು ಮೈದಾನದಿಂದ ಹೊರಗೆ!

ಆಗ ನಾನು ಮಾಡಿದ ಕೆಲಸ ಯಾವ ಹುಚ್ಚನೂ ಮಾಡಲಾರ.

ದೊಡ್ಡ ತೀರ್ಪಿಗೆ ಮೊದಲು ಕ್ಯಾಪ್ಟನ್‌ನನ್ನು ಪಕ್ಕಕ್ಕೆ ಕರೆದು ಮಾತಾಡುವುದು ನನ್ನ ಚಾಳಿ. ಪ್ರಜ್ವಲ್‌ಗೆ ಫೋನ್ ಮಾಡಿದೆ! ಹೆಬ್ಬೆಟ್ಟಿನ ವಿಷಯ ಹೇಳಿದೆ! ನೀನೇ ಹೋಗಿ ಒಪ್ಪಿಕೋ, ನನ್ನ ಹೆಸರು ಬರದ ಹಾಗೆ ಮುಗಿಯಲಿ ಅಂದೆ. "ಬನ್ನಿ ಸಾರ್, ಎಸ್ಟೇಟಲ್ಲೇ ಮಾತಾಡೋಣ" ಅಂದ. ಪೇಪರನ್ನು ಈರಮ್ಮನ ಕೈಗೆ ಕೊಟ್ಟೆ. ಸಂಜೆಯೊಳಗೆ ನನ್ನ ಫೋನ್ ಬರದಿದ್ದರೆ ಸ್ಟೇಷನ್ನಿಗೆ ಒಯ್ಯಿ ಅಂದೆ. ಅವಳು ಬಸ್ಸು ಹತ್ತಿ ಲೈನಿಗೆ ಹೋದಳು. ನಾನು ಬೈಕ್ ಹತ್ತಿ ಹುಲಿಯ ಗುಹೆಗೆ ಹೋದೆ.

ಫೋಟೋ ಯಾಕೆ ತೆಗೆದಿಟ್ಟುಕೊಳ್ಳಲಿಲ್ಲ ಅಂತೀರಾ? ತೆಗೆದಿದ್ದೆ. ಫೋನ್ ಈಗ ತೊಟ್ಟಿಯ ತಳದಲ್ಲಿತ್ತು.

ಐದನೇ ಸಲ ಮುಳುಗಿಸಿದರು. ಎದೆ ಬಿರಿಯಿತು. ಕಿವಿಯಲ್ಲಿ ಗಂಟೆ ಬಾರಿಸಿತು... ಕಾಲು ನನ್ನ ಮಾತು ಕೇಳದೆ ಒದ್ದಾಡಿತು. ಮೇಲೆತ್ತಿದಾಗ ಬಾಯಿ ತಾನಾಗಿ ತೆರೆದುಕೊಂಡಿತು.

"ಈರಮ್ಮ... ಈರಮ್ಮನ ಹತ್ರ ಐತೆ..."

ಹೌದು, ಹೇಳಿಬಿಟ್ಟೆ. ಹೇಳಿದ ಮರುಗಳಿಗೆ ಆ ತೊಟ್ಟಿಯಲ್ಲೇ ಸತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಈಗಲೂ ಊಟಕ್ಕೆ ಕೂತಾಗ ಒಮ್ಮೊಮ್ಮೆ ಆ ಮಾತು ಕೇಳಿಸುತ್ತದೆ. ತಟ್ಟೆ ಸರಿಸಿ ಏಳುತ್ತೇನೆ.

ಪ್ರಜ್ವಲ್ ಸಿಗರೇಟು ಬಿಸಾಕಿದ. ಗೋಡೆಗೆ ಸಿಕ್ಕಿಸಿದ್ದ ಮಚ್ಚು ತೆಗೆದುಕೊಂಡ.

"ಮುದುಕಿನ ನಾನ್ ನೋಡ್ಕತೀನಿ. ಜವರಯ್ಯ, ಈ ಸಲ ಇವನ ತಲೆ ಮೇಲಕ್ಕೆ ಎತ್ಬೇಡ."

"ಆಯ್ತು ಚಿಕ್ಕ ಧಣಿ."

ಹೊರಗೆ ಜೀಪು ಗುಡುಗಿತು.

ಜವರಯ್ಯ ಬಗ್ಗಿ ನನ್ನ ಕುತ್ತಿಗೆಗೆ ಕೈ ಹಾಕಿದ. ತಲೆಯ ಹಿಂಭಾಗದಿಂದ ಅವನ ಮುಖಕ್ಕೆ ಗುದ್ದಿದೆ. ಲಟಕ್! ಮೂಗಿನ ಎಲುಬು. ಬಿಸಿ ರಕ್ತ ನನ್ನ ಬೆನ್ನ ಮೇಲೆ ಹರಿಯಿತು.

"ಅಯ್ಯಯ್ಯೋ! ಮೂಗು ಮುರ್ದ್‌ಬುಟ್ಟ ನನ್ಮಗ!"

ಮೊಣಕಾಲಿಗೆ ಒದ್ದೆ. ಲೋಳೆ ಹರಡಿದ ನೆಲ... ನಿಲ್ಲುವುದುಂಟೇ! ಅಷ್ಟು ದೊಡ್ಡ ಆಳು ಜಾರಿ, ತಲೆ ಕೆಳಗಾಗಿ ತೊಟ್ಟಿಗೆ ಬಿದ್ದ. ಎದ್ದು ಬರಲು ನೋಡಿದ. ದವಡೆಗೆ ಇನ್ನೊಂದು ಒದ್ದೆ. ಈ ಸಲ ಎದ್ದೇಳಲಿಲ್ಲ, ಕಟ್ಟೆಗೆ ಒರಗಿ ನರಳಿದ.

ಓಡಿದೆ.

ಜೀಪಿನ ದಾರಿ ಗುಡ್ಡ ಸುತ್ತಿ ಐದು ಕಿಲೋಮೀಟರ್. ಕಾಫಿ ತೋಟದೊಳಗಿನ ಕಾಲುದಾರಿ ಒಂದೂವರೆ. ಎಲ್ಲ ಇಳಿಜಾರು. ಒಂದು ಪಂದ್ಯದಲ್ಲಿ ರೆಫರಿ ಹತ್ತು ಹನ್ನೆರಡು ಕಿಲೋಮೀಟರ್ ಓಡುತ್ತಾನೆ. ಆದರೆ ಕೈ ಕಟ್ಟಿಸಿಕೊಂಡು ಯಾರೂ ಓಡಿಸಿರಲಿಲ್ಲ! ಗಿಡದ ರೆಂಬೆಗಳು ಮುಖಕ್ಕೆ ಬಾರಿಸಿದವು. ಎರಡು ಸಲ ಮಗುಚಿ ಬಿದ್ದೆ. ಊರಲು ಕೈಯಿಲ್ಲ, ಗಲ್ಲವೇ ನೆಲಕ್ಕೆ ಬಡಿಯಿತು. ಬಾಯಲ್ಲಿ ಒಂದು ಹಲ್ಲು ಅಲ್ಲಾಡಿತು. ರಕ್ತ ಉಗಿದು ಓಡಿದೆ. ಮೇಲಿನ ತಿರುವಿನಲ್ಲಿ ಜೀಪು ಗೇರ್ ಬದಲಿಸುವ ಸದ್ದು... ಹತ್ತಿರ... ಇನ್ನೂ ಹತ್ತಿರ!

ಲೈನಿನ ಅಂಗಳ ತಲುಪಿದಾಗ ಸಂಜೆ ನಾಲ್ಕೂವರೆ. ಕೆಲಸ ಬಿಟ್ಟು ಬಂದವರ ಸ್ನಾನದ ಹೊತ್ತು. ಎಲ್ಲ ಮನೆಗಳ ಮುಂದೆಯೂ ಒಲೆ, ಒಲೆಯ ಮೇಲೆ ನೀರಿನ ಹಂಡೆ. ಈರಮ್ಮ ತನ್ನ ಒಲೆಗೆ ಸೌದೆ ನೂಕುತ್ತಿದ್ದಳು.

"ಓಡು ಅಮ್ಮ! ಪೇಪರ್ ತಗೊಂಡು ಓಡು!"

"ಯಾಕ್ ಸಾ? ಇದೇನಿದು ರಕ್ತ!"

ಜೀಪು ಅಂಗಳಕ್ಕೆ ನುಗ್ಗಿತು. ಪ್ರಜ್ವಲ್ ಇಳಿದ. ಕೈಯಲ್ಲಿ ಮಚ್ಚು. ಪಟಪಟನೆ ಬಾಗಿಲುಗಳು ಮುಚ್ಚಿಕೊಂಡವು.

"ಕೊಡಮ್ಮಿ ಪೇಪರ್ನ."

ಈರಮ್ಮ ಕುಪ್ಪಸದ ಮೇಲೆ ಕೈ ಒತ್ತಿಕೊಂಡಳು.

"ನನ್ ಮಗನ್ ಜೀವ ಐತೆ ಇದ್ರಾಗೆ. ಕೊಡಾಕಿಲ್ಲ."

"ಮಹೇಶ್, ನಿಮಗೆ ಬ್ಯಾಡ್ಜ್ ಬೇಡ್ವೇನ್ರೀ?" ಅಂದ, ನನ್ನ ಕಡೆ ತಿರುಗದೆ. "ಈಗ್ಲೂ ಟೈಮ್ ಐತೆ. ಆ ಕಡೆ ತಿರುಗಿ ನಿಂತ್ಕಳಿ. ಅವತ್ತೂ ಅಷ್ಟೇ ತಾನೆ ಮಾಡಿದ್ದು?"

ಅವನು ಹೇಳಿದ್ದು ನಿಜ! ಅದಕ್ಕೇ ರಕ್ತ ಕುದಿಯಿತು. ಭುಜ ತಗ್ಗಿಸಿ ಅವನ ಹೊಟ್ಟೆಗೆ ನುಗ್ಗಿದೆ. ಇಬ್ಬರೂ ಉರುಳಿದೆವು. ಅವನು ಮೊದಲು ಎದ್ದ. ಮಚ್ಚು ಎತ್ತಿದ್ದು ಕಂಡಿತು. ಬಲ ಮೊಣಕಾಲಿನ ಹಿಂದೆ ತಣ್ಣಗೆ ಏನೋ ಹಾದುಹೋಯಿತು. ಮೊದಲು ನೋವೇ ಆಗಲಿಲ್ಲ. ಏಳಲು ನೋಡಿದೆ... ಕಾಲು ಇರಲೇ ಇಲ್ಲವೇನೋ ಅನ್ನುವ ಹಾಗೆ ಮಡಚಿಕೊಂಡಿತು. ಆಮೇಲೆ ಕೂಗಿದೆ.

ಎರಡನೇ ಏಟಿಗೆ ಕೈ ಎತ್ತಿದ. ಈ ಸಲ ಗುರಿ ನನ್ನ ಕುತ್ತಿಗೆ.

ಈರಮ್ಮ ಹಂಡೆಯನ್ನು ಎರಡೂ ಕೈಯಲ್ಲಿ ಅಪ್ಪಿ ಎತ್ತಿದಳು. ಕುದಿಯುವ ನೀರು! ಅಷ್ಟನ್ನೂ ಅವನ ಮುಖಕ್ಕೆ ಎರಚಿದಳು!

ಪ್ರಜ್ವಲ್ ಕಿರುಚಿದ್ದನ್ನು ನಾನು ವರ್ಣಿಸಲಾರೆ. ಮಚ್ಚು ಬಿತ್ತು. ಮುಖ ಹಿಡಿದುಕೊಂಡು ಅಂಗಳದಲ್ಲಿ ಹೊರಳಾಡಿದ. ಈರಮ್ಮನ ಅಂಗೈ, ಮೊಣಕೈ ಎಲ್ಲ ಸುಟ್ಟು ಚರ್ಮ ಸುಲಿದಿತ್ತು. ಅವಳು ಅದನ್ನು ನೋಡಿಕೊಳ್ಳಲೂ ಇಲ್ಲ. ಮುಚ್ಚಿದ ಬಾಗಿಲುಗಳ ಕಡೆ ತಿರುಗಿದಳು.

"ಬನ್ರೋ ಆಚೆಗೆ! ಅವತ್ತು ಆಡಿದ್ದು ಯಾರು? ಈಗ್ಲಾದ್ರೂ ಬಾಯ್ ಬುಡ್ರೋ!"

ಒಂದು ಬಾಗಿಲು ತೆರೆಯಿತು. ಶೀಲಾ ಅಂತ, ಕಾಫಿ ಕೊಯ್ಯುವ ಹೆಂಗಸು. "ಧರ್ಮ ಕಣಕ್ಕ. ನಾನ್ ನೋಡಿವ್ನಿ" ಅಂದಳು. ಇನ್ನೊಂದು ಬಾಗಿಲು... ಮತ್ತೊಂದು... ಯಾರೋ ಫೋನ್ ಮಾಡಿ ಕರೆಸಿದ ಪೊಲೀಸ್ ಜೀಪು ಬರುವ ಹೊತ್ತಿಗೆ ನಲವತ್ತು ಜನರಿಗೆ ಕಣ್ಣು ವಾಪಸ್ ಬಂದಿತ್ತು.

ಬೆರಳಚ್ಚಿನವರು ನಾಲ್ಕು ದಿನ ತೆಗೆದುಕೊಂಡರು. ಹೆಬ್ಬೆಟ್ಟು ಧರ್ಮನದೇ. ಧರ್ಮ ಬಿಡುಗಡೆಯಾದ. ಪ್ರಜ್ವಲ್ ಬ್ಯಾಂಡೇಜಿನೊಂದಿಗೆ ಒಳಗೆ ಹೋದ. ಚೈತ್ರಶ್ರೀಯೇ ಅಣ್ಣನ ವಿರುದ್ಧ ಹೇಳಿಕೆ ಕೊಟ್ಟಳು. ನಾನೂ ಕೊಟ್ಟೆ, ಕೋಳಿಸಾರಿನ ಸಮೇತ.

ರೆಫರಿಗಳ ಕಮಿಟಿಯಿಂದ ಪತ್ರ ಬಂತು. ಗೊತ್ತಿದ್ದೂ ಬೇರೆಯವನನ್ನು ಆಡಿಸಿದ್ದಕ್ಕೆ ಐದು ವರ್ಷ ನಿಷೇಧ, ಬ್ಯಾಡ್ಜ್ ಪಟ್ಟಿಯಿಂದ ಹೆಸರು ವಜಾ. ಹಾಸನದ ಡಾಕ್ಟರು ಕಾಲಿನ ನರ ನೋಡಿ, ಬದುಕಿರುವವರೆಗೂ ಓಡುವ ಹಾಗಿಲ್ಲ ಅಂದರು. ಇಬ್ಬರಲ್ಲಿ ಕಮಿಟಿಯೇ ಸ್ವಲ್ಪ ದಯಾವಂತ.

ಧರ್ಮ ಆಸ್ಪತ್ರೆಗೆ ಬಂದ. ಮಂಚದ ತುದಿಯಲ್ಲಿ ನಿಂತ. ಕೈ ಮುಗಿದ. ಅತ್ತ. ಆಮೇಲೆ ಹೋಗದೆ ಅಲ್ಲೇ ತಲೆ ಕೆರೆದುಕೊಂಡ.

"ಏನೋ ಮಾರಾಯ?"

"ತಪ್ ತಿಳ್ಕಬೇಡಿ ಸಾ... ಆ ಯೆಲ್ಲೋ ಕಾರ್ಡು... ನಾನ್ ಅವನ್ನ ಮುಟ್ಟೇ ಇರ್ಲಿಲ್ಲ. ಅವ್ನೇ ಜಾರ್ ಬಿದ್ದಿದ್ದು."

ನನಗೂ ಆಗಲೇ ಅನುಮಾನವಿತ್ತು.

ಹದಿನಾಲ್ಕು ವರ್ಷ, ಸಾವಿರಾರು ತೀರ್ಪು. ಒಬ್ಬನ ಜೀವ ಉಳಿಸಿದ್ದು ಒಂದೇ ಒಂದು... ಅದೂ ತಪ್ಪು ತೀರ್ಪು!