ಗೋಡೆಯಿಂದ ಕಳುವಾದ ಕ್ರಿಯಾಪದಗಳು

ನರ್ಸ್‌ನ ಫೋನ್ ಬಂದ ಕೂಡಲೇ ಅವಳ ಅಕ್ಕ ಓಡಿ ಬಂದಳು. ಅಕ್ಕ ಪೊಲೀಸ್ ಇನ್‌ಸ್ಪೆಕ್ಟರ್. ಕೋಣೆಯ ಗೋಡೆ ಬೋಳಾಗಿತ್ತು. ಜರ್ಮನ್ ಭಾಷೆಯ ಹಟಮಾರಿ ಕ್ರಿಯಾಪದಗಳು, ಯಾವ ನಿಯಮಕ್ಕೂ ಬಗ್ಗದ ಜಾತಿಯವು, ಚೀಟಿಗಳಾಗಿ ಸೂರಿನವರೆಗೂ ಅಂಟಿದ್ದವು. ಈಗ ಒಂದೂ ಇಲ್ಲ. ಪರೀಕ್ಷೆ ನಾಳೆ. ಎರಡು ಸಲ ಫೇಲಾದವಳಿಗೆ ಇದೇ ಕೊನೆಯ ಅವಕಾಶ. ಪಾಸಾದರೆ ಮಾತ್ರ ಜರ್ಮನ್ ಆಸ್ಪತ್ರೆಯ ಕೆಲಸ.

"ಬೆಳಿಗ್ಗೆ ಇದ್ವು ಅಕ್ಕಾ. ಅಂಗಡಿಗೆ ಹೋಗಿ ಬರೋಷ್ಟರಲ್ಲಿ ಹೀಗೆ."

"ಬೀಗ?"

"ಹಾಕಿದ ಹಾಗೇ ಇತ್ತು."

"ಇನ್ನೊಂದು ಕೀ?"

"ರೂಮ್‌ಮೇಟ್ ಹತ್ರ. ಅವಳಿಗೂ ನಾಳೆನೇ ಪರೀಕ್ಷೆ. ಆದ್ರೆ ಅವಳು ಅಂಥವಳಲ್ಲ."

ಅಂಥವಳಲ್ಲ ಅಂದ ಮೇಲೆ ಪೊಲೀಸರಿಗೆ ಅನುಮಾನ ಬರದೆ ಇರುತ್ತದೆಯೇ? ಬಂತು.

*

ರೂಮ್‌ಮೇಟ್ ಕೂಡ ನರ್ಸೇ. ಅದೇ ಆಸ್ಪತ್ರೆ. ಡ್ಯೂಟಿಯಿಂದ ಕರೆಸಿದ್ದಾಯಿತು. ಗೋಡೆ ನೋಡಿದವಳೇ ತಲೆ ಮೇಲೆ ಕೈಹೊತ್ತು ಕೂತು ಅತ್ತುಬಿಟ್ಟಳು.

"ನಾನ್ಯಾಕೆ ಕೀಳ್ಲಿ ಮೇಡಂ? ನಾನೂ ಇದನ್ನೇ ನೋಡ್ಕೊಂಡು ಓದ್ತಿದ್ದೆ. ಅರ್ಧ ಚೀಟಿ ಬರೆದಿದ್ದೇ ನಾನು. ಇನ್ನೇನು ಗತಿ ನಂದು?"

ಕಳ್ಳ ಅಳು ಯಾವುದು, ನಿಜವಾದ್ದು ಯಾವುದು ಅಂತ ಅಕ್ಕನಿಗೆ ಗೊತ್ತು. ಇದು ನಿಜವಾದ್ದು. ಅವಳನ್ನು ನೀರು ಕುಡಿಯಲು ಕಳಿಸಿ, ಗೋಡೆಯ ಮೇಲೆ ಕೈಯಾಡಿಸಿದಳು. ಅಲ್ಲಲ್ಲಿ ಇನ್ನೂ ತೇವ. ಬಣ್ಣ ಒಂದು ಚೂರೂ ಎದ್ದಿರಲಿಲ್ಲ.

"ಯಾವುದ್ರಲ್ಲಿ ಅಂಟಿಸಿದ್ರಿ?"

"ಆಸ್ಪತ್ರೆ ಟೇಪಲ್ಲಿ," ಅಂದಳು ತಂಗಿ. ಅಕ್ಕ ಬಾಗಿಲು ಮುಂದೆ ಮಾಡಿದಳು.

*

"ಕಳ್ಳ ಆಗಿದ್ರೆ ಪರಪರ ಕಿತ್ಕೊಂಡು ಓಡ್ತಿದ್ದ," ಅಂದಳು ಅಕ್ಕ. " ಬಣ್ಣಾನೂ ಜೊತೇಲೇ ಬರ್ತಿತ್ತು. ಇದನ್ನ ಒದ್ದೆ ಮಾಡಿ, ಅಂಚು ಹಿಡಿದು, ಮೆಲ್ಲಗೆ ಬಿಡಿಸಿದ್ದಾರೆ. ರೋಗಿ ಗಾಯದ ಟೇಪ್ ಬಿಡಿಸೋ ಥರ. ಅದು ನರ್ಸ್ ಕೈ. ಇಷ್ಟು ದೊಡ್ಡ ಗೋಡೆ ಹಾಗೆ ಬಿಡಿಸೋಕೆ ಅರ್ಧ ದಿನ ಬೇಕು. ನಿನ್ನ ರೂಮ್‌ಮೇಟ್ ಬೆಳಿಗ್ಗೆಯಿಂದ ವಾರ್ಡಲ್ಲಿದ್ಲು. ನಿನಗೆ ರಜೆ."

ತಂಗಿ ಬೋಳು ಗೋಡೆಗೆ ಬೆನ್ನು ಕೊಟ್ಟು ಕೂತಳು.

"ತಲೆಗೆ ಹತ್ತಲ್ಲ ಅಕ್ಕಾ," ಅಂದಳು. "ನಿನ್ನೆ ಕಲಿತಿದ್ದು ಇವತ್ತಿಲ್ಲ. ಮತ್ತೆ ಫೇಲಾದೆ ಅಂತ ಅಮ್ಮನಿಗೆ ಯಾವ ಮುಖ ಇಟ್ಕೊಂಡು ಹೇಳ್ಲಿ? ಕಳ್ಳತನ ಆಯ್ತು ಅಂದ್ರೆ ಯಾರೂ ದಡ್ಡಿ ಅನ್ನಲ್ವಲ್ಲ. ಅದಕ್ಕೇ ಎಲ್ಲಾ ಸುಟ್ಟುಬಿಟ್ಟೆ."

ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ರೂಮ್‌ಮೇಟ್ ಅಲ್ಲೇ ನಿಂತಿದ್ದಳು.

"ನನ್ನವೂನಾ?"

"ನಿನ್ನವು ಮಾತ್ರ ಉಳಿದಿದ್ರೆ, ನೀನೇ ಕಳ್ಳಿ ಅಂತಿದ್ರಲ್ಲೇ," ಅಂದಳು ತಂಗಿ. "ನಿನ್ನ ಹೆಸರು ಕೆಡಬಾರ್ದು ಅಂತ..."

"ಅನ್ನಲಿ ಬಿಡೇ," ಅಂದಳು ರೂಮ್‌ಮೇಟ್. "ಕಳ್ಳಿ ಅನ್ನಿಸ್ಕೊಂಡಾದ್ರೂ ಪಾಸಾಗ್ತಿದ್ದೆ."